ಹೆದರಿದವರಿಗೆ ‘ಹೆದರಬೇಡಿ’ ಅಂತ ಪಾಠ ಮಾಡುವುದು

ಭಾನುವಾರ ಆರಾಧನೆ ಮುಗಿದ ಮೇಲೆ ನಮ್ಮ ಸಭೆಯಲ್ಲಿ ದೊಡ್ಡವರಿಗೆ ಬೈಬಲ್ ಕ್ಲಾಸ್ ಇರುತ್ತದೆ. ಈಗ ಅದನ್ನು ನಡೆಸುತ್ತಿರುವುದು ನಾನು. ಈ ತಿಂಗಳ ವಿಷಯ ಭಯ ಮತ್ತು ನಂಬಿಕೆ. ಗ್ರೂಪಿನಲ್ಲಿ ಹಾಕಿದ್ದೇ ತಡ, ಅದೇ ಹಳೇ ಫಾರ್ವರ್ಡ್ ಬಂತು: ಸತ್ಯವೇದದಲ್ಲಿ, ಅಂದ್ರೆ ಬೈಬಲ್‌ನಲ್ಲಿ, ‘ಭಯಪಡಬೇಡ’ ಅನ್ನೋ ಮಾತು 365 ಸಲ ಇದೆಯಂತೆ, ದಿನಕ್ಕೊಂದು. ಎಣಿಸಿ ನೋಡಿ, ಅಷ್ಟು ಸಿಗಲ್ಲ. ಲೆಕ್ಕ ತಪ್ಪಿದ್ದರೆ ಹೋಗಲಿ ಬಿಡಿ. ಆದರೆ ಅದನ್ನು ಇಟ್ಟುಕೊಂಡು ಮಾಡುವ ಪಾಠ ಇದೆಯಲ್ಲ, ‘ದೇವರು ಇಷ್ಟು ಸಲ ಹೇಳಿದ್ರೂ ನಿಮಗೆ ಭಯ ಹೋಗಿಲ್ಲ ಅಂದ್ರೆ ವಿಶ್ವಾಸದಲ್ಲೇ ಏನೋ ಕೊರತೆ’ ಅನ್ನೋದು, ಅದು ನನಗೆ ಸುತರಾಂ ಒಪ್ಪಿಗೆ ಇಲ್ಲ.

ಈ ಕ್ಲಾಸಿಗೆ ಬರೋರು ಕತ್ತಲೆಗೆ, ಗುಡುಗಿಗೆ ಹೆದರುವ ಮಕ್ಕಳಲ್ಲ. ಒಬ್ಬರ ಬ್ಯಾಗಿನಲ್ಲಿ ಸತ್ಯವೇದದ ಪಕ್ಕದಲ್ಲೇ ಸ್ಕ್ಯಾನಿಂಗ್ ಕವರ್ ಇರುತ್ತದೆ. ಇನ್ನೊಬ್ಬರಿಗೆ ಸಂಘದ ಸಾಲದ ಕಂತು. ಮತ್ತೊಬ್ಬರ ಮಗ ಕೆಲಸ ಹೋಗಿ ಮನೆಯಲ್ಲೇ ಕೂತಿದ್ದಾನೆ. ‘ಹೇಗಿದ್ದೀರಾ ಆಂಟಿ’ ಅಂದ್ರೆ ಮಾತ್ರ ‘ದೇವರ ಕೃಪೆ, ಚೆನ್ನಾಗಿದ್ದೀವಿ’. ಕ್ಲಾಸ್ ಮುಗಿದು ಕುರ್ಚಿ ಎತ್ತಿಡುವ ಹೊತ್ತಿಗೆ ಮೆಲ್ಲಗೆ ಹತ್ತಿರ ಬಂದು ‘ರಾತ್ರಿ ನಿದ್ದೇನೇ ಬರಲ್ಲ ಬ್ರದರ್, ನನ್ನ ವಿಶ್ವಾಸ ಕಮ್ಮಿಯಾಗಿದೆಯಾ?’ ಅಂತ ಕೇಳುತ್ತಾರೆ. ಭಯ ಸಾಲದು ಅಂತ, ಭಯಪಟ್ಟಿದ್ದಕ್ಕೆ ತಪ್ಪಿತಸ್ಥ ಭಾವನೆ ಬೇರೆ.

ಅದಕ್ಕೇ ನಾನು ಸತ್ಯವೇದದ 56ನೇ ಕೀರ್ತನೆ, ದಾವೀದನ ಪ್ರಾರ್ಥನೆ, ತಗೊಂಡೆ. ಅದನ್ನು ಒಂದೇ ಓದಿದರೆ ಸಾಲದು, 1 ಸಮುವೇಲ 21ನೇ ಅಧ್ಯಾಯದ ಜೊತೆ ಓದಬೇಕು. ಕೀರ್ತನೆಯ ತಲೆಬರಹವೇ ಹೇಳುತ್ತದೆ, ಫಿಲಿಷ್ಟಿಯರು ದಾವೀದನನ್ನು ಗತ್ ಊರಿನಲ್ಲಿ ಹಿಡಿದಾಗಿನದು ಅಂತ. ದೈತ್ಯ ಗೊಲ್ಯಾತನ ಊರೂ ಅದೇ! ತನ್ನನ್ನು ಕೊಲ್ಲೋಕೆ ಹೊರಟಿದ್ದ ರಾಜ ಸೌಲನಿಗೆ ಹೆದರಿ ಓಡಿದವನು ಹೋಗಿ ಸೇರಿದ್ದು ತಾನು ಕೊಂದವನ ಊರನ್ನು. ಅಲ್ಲಿನವರಿಗೆ ಗುರುತು ಸಿಕ್ಕಿತು. ದಾವೀದ ಬಹಳ ಹೆದರಿದ ಅಂತ ಬಾಯಿಬಿಟ್ಟು ಬರೆದಿದೆ. ಆಮೇಲೆ ಮಾಡಿದ್ದೇನು? ಹುಚ್ಚನ ಹಾಗೆ ನಟಿಸಿದ, ಬಾಗಿಲುಗಳ ಮೇಲೆ ಗೀಚಿದ, ಗಡ್ಡದ ಮೇಲೆ ಜೊಲ್ಲು ಸುರಿಸಿಕೊಂಡ. ರಾಜ ಆಕೀಷ ತನ್ನ ಸೇವಕರನ್ನು ಗದರುತ್ತಾನೆ, ನನಗೇನು ಹುಚ್ಚರು ಕಮ್ಮಿಯಾಗಿದ್ದಾರಾ, ಇವನನ್ನೂ ಕರ್ಕೊಂಡು ಬಂದಿದ್ದೀರಲ್ಲ ಅಂತ. ಇಲ್ಲಿಗೆ ಬಂದಾಗ ಯಾವಾಗಲೂ ಗಂಭೀರವಾಗಿ ಕೂರುವ ನಮ್ಮ ರಿಟೈರ್ಡ್ ಅಂಕಲ್ ಒಬ್ಬರು ಜೋರಾಗಿ ನಕ್ಕರು, ಆಮೇಲೆ ಎಲ್ಲರೂ ನಕ್ಕರು. ಆ ನಗು ಬಂದ ಮೇಲೆ ಜನ ಮಾತಾಡೋಕೆ ಶುರು ಮಾಡಿದರು.

ಈಗ ಕೀರ್ತನೆ ನೋಡಿ. 3ನೇ ವಚನದಲ್ಲಿ ನನಗೆ ಭಯವಾದಾಗ ನಿನ್ನನ್ನೇ ನಂಬುತ್ತೇನೆ ಅನ್ನುತ್ತಾನೆ. ಮುಂದಿನ ವಚನದಲ್ಲೇ ‘ಹೆದರಲ್ಲ’. ಅದರ ಮುಂದೆ ಮತ್ತೆ ಶತ್ರುಗಳ ಚಿಂತೆ, ದಿನವೆಲ್ಲಾ ನನ್ನ ಮಾತನ್ನು ತಿರುಚುತ್ತಾರೆ ಅಂತ. ನಡುವೆ ಕಣ್ಣೀರು. 11ನೇ ವಚನದಲ್ಲಿ ಇನ್ನೊಂದು ಸಲ ‘ಹೆದರಲ್ಲ’. ಒಂದೇ ಪ್ರಾರ್ಥನೆಯಲ್ಲಿ ಭಯ, ಧೈರ್ಯ, ಮತ್ತೆ ಭಯ, ಮತ್ತೆ ಧೈರ್ಯ. ನಮ್ಮ ರಾತ್ರಿಗಳೂ ಹೀಗೇ ಅಲ್ವಾ? ಭಯ ಪೂರ್ತಿ ಹೋದ ಮೇಲೆ ನಂಬುತ್ತೇನೆ ಅಂತ ದಾವೀದ ಎಲ್ಲೂ ಹೇಳಿಲ್ಲ.

ಒಬ್ಬರು ಸರಿಯಾದ ಪ್ರಶ್ನೆಯನ್ನೇ ಎತ್ತಿದರು: ‘ಹಾಗಾದ್ರೆ ಬಿರುಗಾಳಿ ಎದ್ದಾಗ ಯೇಸು ಶಿಷ್ಯರನ್ನು ಅಲ್ಪವಿಶ್ವಾಸಿಗಳೇ ಅಂತ ಯಾಕೆ ಗದರಿದರು?’ ಗದರಿದರು, ನಿಜ. ಆದರೆ ನೀವು ವಿಶ್ವಾಸ ಬೆಳೆಸಿಕೊಳ್ಳೋವರೆಗೂ ದೋಣಿ ಮುಳುಗ್ತಾ ಇರಲಿ ಅನ್ನಲಿಲ್ಲ. ಹೆದರಿದ ಶಿಷ್ಯರು ದೋಣಿಯಲ್ಲಿ ಮಲಗಿದ್ದ ಯೇಸುವನ್ನು ಕೂಗಿ ಎಬ್ಬಿಸಿದರು, ಅವರು ಎದ್ದರು, ಗಾಳಿ ನಿಲ್ಲಿಸಿದರು. ಮಾರ್ಕನ ಸುವಾರ್ತೆಯಲ್ಲಂತೂ ಮೊದಲು ಗಾಳಿ ನಿಲ್ಲುತ್ತದೆ, ಯಾಕೆ ಹೆದರಿದ್ದೀರಿ ಅನ್ನೋ ಪ್ರಶ್ನೆ ಆಮೇಲೆ. ಶಿಲುಬೆಗೇರುವ ಹಿಂದಿನ ರಾತ್ರಿ ಗೆತ್ಸೇಮನೆ ತೋಟದಲ್ಲಿ ಯೇಸುವೇ ಎಷ್ಟು ಕಳವಳಪಟ್ಟರು ಅನ್ನೋದನ್ನೂ ಆ ಸುವಾರ್ತೆ ಮುಚ್ಚಿಟ್ಟಿಲ್ಲ.

ಇನ್ನೊಂದು ವಿಷಯ, ಸ್ವಲ್ಪ ಖಾರವಾಗಿಯೇ ಹೇಳ್ತೀನಿ. ದೇವರನ್ನು ನಂಬಿದ್ದೀನಿ ಅಂತ ಬಿಪಿ ಮಾತ್ರೆ ಬಿಡೋದು, ಶುಗರ್ ಟೆಸ್ಟ್‌ಗೆ ಹೋಗದೆ ಇರೋದು, ಅದನ್ನು ಬೇರೆಯವರು ವಿಶ್ವಾಸಕ್ಕೆ ಸಾಕ್ಷಿ ಅಂತ ಹೊಗಳೋದು, ಇದು ದಯವಿಟ್ಟು ಬೇಡ. ಹಿಜ್ಕೀಯ ರಾಜ ಸಾಯುವ ಸ್ಥಿತಿಯಲ್ಲಿದ್ದಾಗ ಗುಣವಾಗುತ್ತೀಯ ಅಂತ ದೇವರೇ ಮಾತು ಕೊಟ್ಟಾಗಿತ್ತು, ಇನ್ನೂ 15 ವರ್ಷ ಆಯುಸ್ಸು ಅಂತಲೂ ಹೇಳಿ ಆಗಿತ್ತು. ಆದರೂ ಪ್ರವಾದಿ ಯೆಶಾಯ ಅಂಜೂರದ ಉಂಡೆ ತರಿಸಿ ಹುಣ್ಣಿನ ಮೇಲೆ ಹಾಕಿಸಿದ. 2 ಅರಸುಗಳು 20ನೇ ಅಧ್ಯಾಯದಲ್ಲಿದೆ, ಓದಿ. ಸ್ಕ್ಯಾನಿಂಗ್ ಮಾಡಿಸೋದು ಅವಿಶ್ವಾಸ ಅಲ್ಲ.

ಮುಂದಿನ ವಾರ ಗಿದ್ಯೋನ. ದಾಳಿ ಮಾಡುತ್ತಿದ್ದ ಮಿದ್ಯಾನ್ಯರಿಗೆ ಹೆದರಿ ದ್ರಾಕ್ಷಿ ತುಳಿಯುವ ತೊಟ್ಟಿಯಲ್ಲಿ ಅಡಗಿ ಗೋಧಿ ಬಡಿಯುತ್ತಿದ್ದವನನ್ನು ದೂತ ಪರಾಕ್ರಮಶಾಲಿ ಅಂತ ಕರೆಯುತ್ತಾನೆ. ಯುದ್ಧ ನಡೆದ ರಾತ್ರಿಯೇ, ಅದೂ ದೇವರ ಮಾತು ಖಾತ್ರಿ ಮಾಡಿಕೊಳ್ಳೋಕೆ ಅವನು ಉಣ್ಣೆ ಇಟ್ಟು ಎರಡು ಸಲ ಪರೀಕ್ಷೆ ಮಾಡಿದ ಮೇಲೆ, ದೇವರು ಅವನಿಗೆ ಹೇಳೋದು ಕೇಳಿ: ಶತ್ರುಗಳ ಪಾಳೆಯಕ್ಕೆ ಒಬ್ಬನೇ ಹೋಗೋಕೆ ಭಯವಾದರೆ ನಿನ್ನ ಆಳು ಪೂರನನ್ನೂ ಕರ್ಕೊಂಡು ಹೋಗು. ಗಿದ್ಯೋನ ಸುಮ್ನೆ ಕರ್ಕೊಂಡು ಹೋದ. ಈ ಪೂರನ ಬಗ್ಗೆ ಪ್ರಸಂಗ ಕೇಳಿದ ನೆನಪೇ ನನಗಿಲ್ಲ. ನಿಮ್ಮ ಸಭೆಗಳಲ್ಲಿ ಈ ಪಾಠ ಮಾಡಿದವರು ಯಾರಾದರೂ ಇದ್ದರೆ ಕಾಮೆಂಟ್ ಮಾಡಿ, ಶನಿವಾರದೊಳಗೆ ಆದರೆ ನನಗೆ ಉಪಯೋಗಕ್ಕೆ ಬರುತ್ತದೆ.