ಟೆಂಡರ್ ಆನ್‌ಲೈನ್ ಆಯ್ತು, ಬಿಲ್ ಯಾವಾಗ?

"ಎಲ್ಲಾ ಆನ್‌ಲೈನ್ ಆಗಿದೆಯಲ್ಲ, ಇನ್ನೆಲ್ಲಿ ಕಮಿಷನ್?" ಅಂತ ಕೇಳುವವರಿಗಾಗಿ ಇದನ್ನು ಬರೆಯುತ್ತಿದ್ದೇನೆ. ಸಣ್ಣ ಗುತ್ತಿಗೆದಾರರ ಪರವಾಗಿ ಟೆಂಡರ್ ಅಪ್‌ಲೋಡ್ ಮಾಡುವುದು ನನ್ನ ಹೊಟ್ಟೆಪಾಡು.

ಮೊದಲು ಒಳ್ಳೆಯದನ್ನೇ ಹೇಳುತ್ತೇನೆ. ಸರ್ಕಾರಿ ಖರೀದಿ, ಕಾಮಗಾರಿಗಳಲ್ಲಿ ಪಾರದರ್ಶಕತೆ ತರುವ ನಮ್ಮ ರಾಜ್ಯದ ಕೆಟಿಪಿಪಿ ಕಾಯ್ದೆ 1999ರದು. ಕಾಯ್ದೆ ಬಂದ ಮೇಲೂ ಟೆಂಡರ್ ಪೆಟ್ಟಿಗೆ ಕಚೇರಿಯಲ್ಲೇ ಇತ್ತು. ಫಾರಂ ಕೇಳಿದರೆ "ಖಾಲಿ ಆಗಿದೆ" ಅನ್ನುತ್ತಿದ್ದರು. ಕೊನೇ ದಿನ ಪೆಟ್ಟಿಗೆ ಮುಂದೆ ನಾಲ್ಕು ದಾಂಡಿಗರು ನಿಂತರೆ ಮುಗೀತು. 2007ರಲ್ಲಿ ಇ-ಪ್ರೊಕ್ಯೂರ್‌ಮೆಂಟ್, ಅಂದರೆ ಆನ್‌ಲೈನ್ ಟೆಂಡರ್ ಬಂದು ಆ ಕಾಟ ತಪ್ಪಿತು. ಈಗ ರಾಜ್ಯ ಸರ್ಕಾರದ ಟೆಂಡರ್ ವೆಬ್‌ಸೈಟ್ ಕೆಪಿಪಿಪಿ ಪೋರ್ಟಲ್ ಇದೆ. ಡಿಜಿಟಲ್ ಸಹಿಯ ಡೋಂಗಲ್ ಚುಚ್ಚಿ, ಬೀದರಿನವರು ಮನೆಯಲ್ಲೇ ಕೂತು ಚಾಮರಾಜನಗರದ ಕೆಲಸಕ್ಕೆ ಬಿಡ್ ಹಾಕಬಹುದು. ಸಣ್ಣ ಮಾತಲ್ಲ ಇದು.

ಆದರೆ ಆಟ ಈಗ ಷರತ್ತುಗಳಲ್ಲಿ ನಡೆಯುತ್ತದೆ. ಮೊನ್ನೆ ಒಂದು ಟೆಂಡರ್ ನೋಡಿದೆ. ಊರೂರಿನ ಚರಂಡಿಗಳನ್ನೆಲ್ಲ ಸೇರಿಸಿ ಒಂದೇ ಪ್ಯಾಕೇಜ್. ಬಿಡಿಬಿಡಿಯಾಗಿ ಕರೆದಿದ್ದರೆ ನಮ್ಮ ಹುಡುಗರು ಆರಾಮಾಗಿ ಮಾಡುವ ಕೆಲಸ. ಪ್ಯಾಕೇಜಿಗೆ ಕೇಳಿದ ಟರ್ನೋವರ್ ಮಾತ್ರ ಅವರ ಹತ್ತಿರ ಇಲ್ಲ. ಅರ್ಹತೆ ನೋಡುವ ಟೆಕ್ನಿಕಲ್ ಬಿಡ್‌ನಲ್ಲೇ ಔಟ್! ರೇಟು ಎಷ್ಟೇ ಕಮ್ಮಿ ಇರಲಿ, ಅದನ್ನು ಬರೆದ ಫೈನಾನ್ಶಿಯಲ್ ಬಿಡ್ ತೆರೆಯುವುದೇ ಇಲ್ಲ. ಟೆಂಡರ್ ಕರೆಯುವುದೇ ಬೇಡ ಅನ್ನಿಸಿದರೆ ಕೆಲಸವನ್ನು ಚೂರು ಚೂರು ಮಾಡಿ ಟೆಂಡರ್ ಇಲ್ಲದೆ ಕೊಡುವ ತುಂಡು ಗುತ್ತಿಗೆ ಇದ್ದೇ ಇದೆ. ಬೇಕಾದಾಗ ಒಟ್ಟು, ಬೇಡವಾದಾಗ ತುಂಡು. ಅದೂ ಸಾಲದಿದ್ದರೆ ಅದೇ ಕಾಯ್ದೆಯ ಸೆಕ್ಷನ್ 4(ಜಿ) ವಿನಾಯಿತಿ. ಸರ್ಕಾರ ಒಂದು ಅಧಿಸೂಚನೆ ಹೊರಡಿಸಿದರೆ ಸಾಕು, ಟೆಂಡರೇ ಇಲ್ಲ. ಪಕ್ಷ ಯಾವುದೇ ಇರಲಿ, ಇದನ್ನು ಬಳಸದವರಿಲ್ಲ ಬಿಡಿ.

ಎಲ್ಲರಿಗಿಂತ ಕಮ್ಮಿ ರೇಟು ಹಾಕಿ ಎಲ್‌1 ಆಗಿ ಕೆಲಸ ಸಿಕ್ಕಿತು ಅಂದುಕೊಳ್ಳಿ. ನಿಜವಾದ ತಲೆನೋವು ಅಲ್ಲಿಂದ ಶುರು. ಕೆಲಸ ಮುಗಿಸಿ ಎಂಬಿ (ಆದ ಕೆಲಸದ ಅಳತೆ ಪುಸ್ತಕ) ಬರೆಸಬೇಕು, ಬಿಲ್ ಮುಂದಿನ ಟೇಬಲಿಗೆ ಹೋಗಬೇಕು, ಅನುದಾನ ಬರಬೇಕು. ಸಾಲದ ಬಡ್ಡಿ ಮಾತ್ರ ಯಾರಿಗೂ ಕಾಯುವುದಿಲ್ಲ. 2021ರಲ್ಲಿ ರಾಜ್ಯ ಗುತ್ತಿಗೆದಾರರ ಸಂಘ 40 ಪರ್ಸೆಂಟ್ ಕಮಿಷನ್ ಅಂತ ಪ್ರಧಾನಿಗೆ ಪತ್ರ ಬರೆಯಿತು. ಆ ಆರೋಪದ ಸತ್ಯಾಸತ್ಯ ಬೇರೆ ಮಾತು. ಆದರೆ ಅಷ್ಟೊತ್ತಿಗೆ ಇ-ಟೆಂಡರ್ ಬಂದು ಹದಿನಾಲ್ಕು ವರ್ಷ ಆಗಿತ್ತು, ಅಲ್ವಾ?

ಹಾಗಾಗಿ ನಾನು ಕೇಳುವುದು ಇಷ್ಟೇ. ಟೆಂಡರ್ ಕರೆದ ಪೋರ್ಟಲ್‌ನಲ್ಲೇ ಎಂಬಿ ಪುಟವನ್ನೂ ಹಾಕಿ. ಬಿಲ್ ಯಾರ ಟೇಬಲ್ ಮೇಲೆ ಎಷ್ಟು ದಿನದಿಂದ ಕೂತಿದೆ, ಮೊದಲು ಬಂದದ್ದಕ್ಕೆ ಮೊದಲು ದುಡ್ಡು ಅನ್ನುವ ಜ್ಯೇಷ್ಠತಾ ಪಟ್ಟಿಯಲ್ಲಿ ಎಷ್ಟನೇದು, ಆಮೇಲೆ ಬಂದ ಬಿಲ್ಲಿಗೆ ಮೊದಲೇ ದುಡ್ಡು ಹೋಗಿದ್ದರೆ ಯಾಕೆ, ಎಲ್ಲಾ ಊರಿನವರಿಗೂ ಕಾಣಲಿ. ಬಿಡ್ ಹಾಕಲು ಸಂಜೆ ನಾಲ್ಕು ಅಂದರೆ, ಒಂದು ನಿಮಿಷ ತಡವಾದರೂ ಸಿಸ್ಟಮ್ ತಗೊಳ್ಳುವುದಿಲ್ಲ. ಬಿಲ್ಲಿಗೂ ಅಂಥದ್ದೊಂದು ಗಡುವು ಇಡಲು ಏನು ಕಷ್ಟ?