ಅಕ್ಕಿ ಎಲ್ಲಿಂದಾದ್ರೂ ಬರ್ತದೆ ಬಿಡಿ ಅಕ್ಕ

ಬೆಳಿಗ್ಗೆಯಿಂದ ಹದಿನೇಳು ಟಿಪ್ಪರ್ ಮಣ್ಣು. ಜಗಲಿಯಲ್ಲಿ ಕೂತು ಎಣಿಸಿದ್ದೇನೆ. ಕೆಲಸ ಇಲ್ಲ ಅಂತಲ್ಲ, ಹೊಟ್ಟೆ ಉರಿ.

ನಮ್ಮ ಮನೆ ಎದುರಿನ ಗದ್ದೆಕೋಗು, ಗುಡ್ಡದ ನಡುವಿನ ಗದ್ದೆ ಸಾಲು, ನಿಮಗೆಲ್ಲ ಗೊತ್ತು. ಮಳೆಗಾಲದಲ್ಲಿ ನಾನು ಹಾಕುವ ಫೋಟೋಗಳಲ್ಲಿ ಅರ್ಧ ಅದೇ ಇರುತ್ತದೆ. ಬೈದುಕೊಂಡು ಲೈಕ್ ಒತ್ತುವವರೂ ಇದ್ದೀರಿ, ಗೊತ್ತು. ಇನ್ನು ನಿಮಗೆ ಆ ಕಾಟ ಕಮ್ಮಿ. ಮೇಲಿನ ಮೂರು ಗದ್ದೆಗೆ ಇವತ್ತು ಕೆಂಪು ಮಣ್ಣು ಬಿತ್ತು. ಮಣ್ಣು ಬಂದದ್ದು ಹಿಂದಿನ ಗುಡ್ಡ ಕಡಿದು. ಮಳೆ ಹಿಡಿಯುವ ಹೊತ್ತಿಗೆ ಅಡಿಕೆ ಸಸಿ ಕೂರುತ್ತದೆ.

ಗದ್ದೆ ನಮ್ಮದಲ್ಲ. ಮಾತಾಡುವ ಹಕ್ಕೂ ನನಗಿಲ್ಲ. ಆದರೆ ಬಾಯಿ ಸುಮ್ಮನಿರಬೇಕಲ್ಲ. ಬೇಲಿ ಹತ್ತಿರ ಹೋಗಿ ಗದ್ದೆಯ ಹುಡುಗನನ್ನು ಕೇಳಿದೆ, "ಎಂತ ಮಾರಾಯ, ಮನೆ ಊಟಕ್ಕೆ ಅಂತ ಒಂದಾದ್ರೂ ಬಿಡ್ಬಹುದಿತ್ತಲ್ಲ?" ಒಳ್ಳೆ ಹುಡುಗ, ನಮ್ಮ ಕಣ್ಣೆದುರೇ ಬೆಳೆದವನು. ಎದುರು ಮಾತಾಡಲಿಲ್ಲ. ನಕ್ಕು ಹೇಳಿದ, "ಅಕ್ಕಿ ಎಲ್ಲಿಂದಾದ್ರೂ ಬರ್ತದೆ ಬಿಡಿ ಅಕ್ಕ."

ಎಲ್ಲಿಂದಾದ್ರೂ! ಈ ಮಾತನ್ನು ನಾನು ಮದುವೆ ಮನೆಯಲ್ಲಿ ಕೇಳಿದ್ದೇನೆ, ಸೊಸೈಟಿ ಕಟ್ಟೆಯಲ್ಲಿ ಕೇಳಿದ್ದೇನೆ, ನಮ್ಮನೆ ಜಗಲಿಯಲ್ಲೇ ಕೇಳಿದ್ದೇನೆ. ಎಲ್ಲಿಂದ ಅಂತ ಕೇಳಿದರೆ ಒಬ್ಬರಿಗೂ ಗೊತ್ತಿಲ್ಲ. "ಆಂಧ್ರದಿಂದ" ಅನ್ನುತ್ತಾರೆ. ಆಂಧ್ರ ಅಂದರೆ ಏನು, ಅಕ್ಕಿ ಉದುರುವ ಮರವಾ?

ನಾನು ಈ ಸಲ ಹೋಗಿ ನೋಡಿ ಬಂದೆ. ಮಗಳು ಅಳಿಯ ವಿಜಯವಾಡದಲ್ಲಿ ಇರುವುದು ನಿಮಗೆ ಗೊತ್ತು. ಸಂಕ್ರಾಂತಿ ಮುಗಿಸಿ ಹೋದವಳು ಹದಿನೈದು ದಿನ ಇದ್ದೆ. ದೇವಸ್ಥಾನ, ಸೀರೆ ಅಂಗಡಿ ಎಲ್ಲ ಆದ ಮೇಲೆ ಅಳಿಯನಿಗೆ ಹೇಳಿದೆ, "ಕೃಷ್ಣಾ ಸಮುದ್ರ ಸೇರೋ ಕಡೆ ಒಂದ್ಸಲ ಕರ್ಕೊಂಡು ಹೋಗಿ." ಅವನಿಗೆ ಆಶ್ಚರ್ಯ. ಅತ್ತೆ ಬೀಚ್ ಕೇಳುತ್ತಿದ್ದಾರೆ ಅಂದುಕೊಂಡ. ನನಗೆ ಬೇಕಾಗಿದ್ದು ಮುಖಜ ಭೂಮಿ, ನದಿ ಸಮುದ್ರ ಸೇರುವಲ್ಲಿ ಹೊತ್ತು ತಂದ ಮಣ್ಣು ಹರಡಿ ಆದ ನೆಲ. ಶಾಲೆಯಲ್ಲಿ ಬಾಯಿಪಾಠ ಮಾಡಿದ ಪದ. "ಪಶ್ಚಿಮಕ್ಕೆ ಹರಿಯುವ ನದಿಗಳು ಮುಖಜ ಭೂಮಿಯನ್ನು ನಿರ್ಮಿಸುವುದಿಲ್ಲ", ಎರಡು ಅಂಕ. ನೋಡಿದ್ದು ಮಾತ್ರ ಈ ವಯಸ್ಸಿಗೆ.

ದಿವಿಸೀಮೆಗೆ ಹೋಗಿ ಅವನಿಗಡ್ಡ ದಾಟಿದೆವು. ಕೃಷ್ಣಾ ಅಲ್ಲಿ ಕವಲೊಡೆದು ಸಮುದ್ರಕ್ಕೆ ಬೀಳುತ್ತದೆ. ಆ ಕವಲುಗಳ ನಡುವಿನ ನೆಲವೇ ದಿವಿಸೀಮೆ. ನೋಡಿದಷ್ಟು ದೂರ ಚಪ್ಪಟೆ. ಮಲೆನಾಡಿನ ಕಣ್ಣಿಗೆ ಅದು ಒಂಥರಾ ಭಯ. ಒರಗಿಕೊಳ್ಳಲು ಒಂದು ಗುಡ್ಡ ಬೇಡವಾ? ಒಂದು ಕಾಲುವೆ ಏರಿ ಮೇಲೆ ನಡೆಯುತ್ತಿದ್ದಾಗ ನಾಯಿಯೊಂದು ಬೊಗಳಿಕೊಂಡು ಬಂತು. ನಮ್ಮ ಅಭ್ಯಾಸ, ಕಲ್ಲಿಗೆ ಅಂತ ಬಗ್ಗಿದೆ. ಕಲ್ಲಿಲ್ಲ. ಆ ಕಡೆ ಹುಡುಕಿದೆ, ಈ ಕಡೆ ಹುಡುಕಿದೆ, ಬೆರಳುಗಾತ್ರದ ಒಂದು ಹರಳೂ ಇಲ್ಲ. ನಾಯಿಯೇ ಬೇಜಾರಾಗಿ ವಾಪಸ್ ಹೋಯಿತು. ಇಲ್ಲಿ ಒಂದು ಬಾಳೆಗುಂಡಿ ತೆಗೆಯಲು ಹಾರೆ ಮೊಂಡಾಗುತ್ತದೆ. ಅಲ್ಲಿ ಇದ್ದಬದ್ದದ್ದೆಲ್ಲ ನದಿ ಹೊತ್ತು ತಂದು ಸುರಿದ ಮಣ್ಣೇ. ಸಾವಿರಾರು ವರ್ಷದ ಗೋಡು. ಕಲ್ಲೆಲ್ಲ ಮೇಲೆ ನಮ್ಮ ಪಾಲಿಗೆ ಉಳಿದಿದೆ.

ಆಗುಂಬೆ ನೆನಪಾಯಿತು. ವರ್ಷಕ್ಕೆ 7 ಸಾವಿರ ಮಿಲಿಮೀಟರ್ ದಾಟಿ ಸುರಿಯುವ ಮಳೆ. ಘಟ್ಟದ ಆಚೆ ಬಿದ್ದ ಹನಿ ಸೀತಾನದಿ ಹಿಡಿದು ಬೇಗ ಬೇಗ ಅರಬ್ಬಿ ಸಮುದ್ರ ಸೇರುತ್ತದೆ. ಎತ್ತರದಿಂದ ಧುಮುಕುವ ಗಿಡ್ಡ ನದಿ. ಮಣ್ಣು ಹರಡಿಕೊಂಡು ಕೂರಲು ಅದಕ್ಕೆ ಜಾಗವೂ ಇಲ್ಲ, ಪುರುಸೊತ್ತೂ ಇಲ್ಲ. ಕಡಲಿನ ಅಲೆಯೂ ಬಿಡುವುದಿಲ್ಲ. ಹಾಗಾಗಿ ಆ ಕಡೆ ಇರುವುದು ಅಳಿವೆ. ಈಚೆ ಬಿದ್ದ ಹನಿ ಮಾಲತಿ ಹೊಳೆಗೆ, ಅಲ್ಲಿಂದ ತುಂಗೆಗೆ, ಕೂಡ್ಲಿಯಲ್ಲಿ ಭದ್ರೆ ಜೊತೆ ಸೇರಿ ಹೊಸಪೇಟೆ, ಕರ್ನೂಲು, ಶ್ರೀಶೈಲ, ವಿಜಯವಾಡ. ಹತ್ತಿರ ಹತ್ತಿರ ಸಾವಿರ ಕಿಲೋಮೀಟರ್ ಸುತ್ತಿ ಬಂಗಾಳ ಕೊಲ್ಲಿಗೆ. ಕಣ್ಣಳತೆಯಲ್ಲಿ ಒಂದು ಸಮುದ್ರ ಇಟ್ಟುಕೊಂಡು ಅದಕ್ಕೆ ಬೆನ್ನು ಹಾಕಿ ಹೊರಟ ಹೊಳೆ ನಮ್ಮದು.

ಹೊಲದಲ್ಲಿ ಒಬ್ಬರು ಹೆಂಗಸು ಇದ್ದರು, ನನ್ನದೇ ವಯಸ್ಸು. ಭತ್ತದ ಕೂಳೆ ಹಾಗೇ ನಿಂತಿತ್ತು. ಅದರ ನಡುವೆ ಮೊಣಕಾಲಿನ ತನಕ ಹಸಿರು ಗಿಡ. ಉದ್ದು. ಯಾವಾಗ ಉತ್ತಿರಿ ಅಂತ ಅಳಿಯನ ಕೈಲಿ ಕೇಳಿಸಿದೆ. ಉಳುವುದೇ ಇಲ್ಲವಂತೆ! ಭತ್ತ ಕೊಯ್ಯುವುದಕ್ಕೆ ಸ್ವಲ್ಪ ದಿನ ಮುಂಚೆ, ಪೈರು ನಿಂತಿರುವಾಗಲೇ, ಹಸಿ ಮಣ್ಣಿಗೆ ಉದ್ದಿನ ಬೀಜ ಎರಚುತ್ತಾರೆ. ಕೊಯ್ಲಾಗುವ ಹೊತ್ತಿಗೆ ಮೊಳಕೆ ಬಂದಿರುತ್ತದೆ. ಆಮೇಲೆ ನೀರು ಬೇಡ. ಮಣ್ಣಿನ ತೇವ, ಮೇಲಿನಿಂದ ಇಬ್ಬನಿ, ಅಷ್ಟೇ ಸಾಕು. ನಾವು ದೋಸೆಗೆ ನೆನೆಹಾಕುವ ಉದ್ದು ಹೀಗೆ ಬರುತ್ತದೆ ಅಂತ ನನಗೆ ಗೊತ್ತೇ ಇರಲಿಲ್ಲ. ನೀವೇ ಹೇಳಿ, ಗೊತ್ತಿತ್ತಾ?

ನಾನು ಸ್ವಲ್ಪ ಜಂಭದಲ್ಲೇ ಅಳಿಯನ ಕೈಲಿ ಹೇಳಿಸಿದೆ, "ನಿಮಗೆ ಬರೋ ನೀರು ನಮ್ಮ ಊರಿಂದು. ತುಂಗೆ ಸೀಮೆಯವರು ನಾವು." ಆಯಮ್ಮ ಜೋರಾಗಿ ನಕ್ಕರು. "ನಿಮ್ಮ ನೀರು ಎಲ್ಲಿ ಬರ್ತದಮ್ಮ? ಈಗ ನಮಗೆ ಗೋದಾವರಿ ನೀರು."

ಮುಖಕ್ಕೆ ಹೊಡೆದ ಹಾಗಾಯಿತು. ಆದರೆ ನಿಜ. 1850ರ ದಶಕದಲ್ಲಿ ವಿಜಯವಾಡದಲ್ಲಿ ಕೃಷ್ಣೆಗೆ ಒಡ್ಡು ಕಟ್ಟಿ ಕಾಲುವೆ ತೆಗೆದ ಮೇಲೆ ಆ ಸೀಮೆ ಭತ್ತದ ಕಣಜವಾಯಿತು. ಅದೇ ಜಾಗದಲ್ಲಿ 1957ರಲ್ಲಿ ಪ್ರಕಾಶಂ ಬ್ಯಾರೇಜ್ ಬಂತು. ಮೇಲಿನವರೆಲ್ಲ ಅಣೆಕಟ್ಟು ಕಟ್ಟುತ್ತಾ ಹೋದ ಹಾಗೆ ಕೆಳಗೆ ನೀರು ಸಣ್ಣಗಾಯಿತು. 2015ರಿಂದ ಪಟ್ಟಿಸೀಮೆಯಲ್ಲಿ ಗೋದಾವರಿಯನ್ನು ಪಂಪಿನಲ್ಲಿ ಎತ್ತಿ ಕೃಷ್ಣೆಗೆ ಬಿಡುತ್ತಾರೆ. ಮಳೆ ಜಾಸ್ತಿಯಾಗಿ ಡ್ಯಾಮುಗಳು ತುಂಬಿ ಚೆಲ್ಲಿದ ವರ್ಷ ನಮ್ಮ ತುಂಗೆ ಅಲ್ಲಿಯ ತನಕ ಚೆನ್ನಾಗಿ ಹೋಗುತ್ತಾಳೆ.

ಮಣ್ಣಂತೂ ಹೋಗುವುದೇ ಕಷ್ಟ. ತುಂಗಭದ್ರಾ ಡ್ಯಾಮು ಕಟ್ಟಿದಾಗ 133 ಟಿಎಂಸಿ ಹಿಡಿಯುತ್ತಿತ್ತು. ಈಗ 105ರ ಆಸುಪಾಸು. ಉಳಿದ ಜಾಗದಲ್ಲೆಲ್ಲ ಹೂಳು. ಅಷ್ಟೂ ನಮ್ಮ ಮಣ್ಣೇ ಅಂತ ನಾನು ಹೇಳುವುದಿಲ್ಲ, ದಾರಿಯಲ್ಲಿ ಬೇಕಾದಷ್ಟು ಊರಿದೆ. ಆದರೆ ಇವತ್ತು ಎಣಿಸಿದ ಹದಿನೇಳು ಟಿಪ್ಪರಿನ ಕೆಂಪು ಮಣ್ಣು ಜೂನ್ ತಿಂಗಳ ಮೊದಲ ಜಡಿಮಳೆಗೆ ಎಲ್ಲಿಗೆ ಹೊರಡುತ್ತದೆ ಅಂತ ನನಗೆ ಚೆನ್ನಾಗಿ ಗೊತ್ತು. ನಮ್ಮ ಹಳ್ಳ ಆಗ ಟೀ ಬಣ್ಣಕ್ಕೆ ತಿರುಗುತ್ತದೆ. ನನ್ನ ಚಿಕ್ಕಂದಿನಲ್ಲಿ ಗದ್ದೆಯಿಂದ ಗದ್ದೆಗೆ ಇಳಿದು ಬರುವಷ್ಟರಲ್ಲಿ ನೀರು ತಿಳಿಯಾಗುತ್ತಿತ್ತು. ಗದ್ದೆ ಅಂದರೆ ಬರೀ ಭತ್ತ ಅಲ್ಲ ಮಾರಾಯ್ರೆ. ನಾಲ್ಕು ತಿಂಗಳು ನೀರು ನಿಲ್ಲಿಸಿಕೊಂಡು ನಿಧಾನಕ್ಕೆ ನೆಲಕ್ಕೆ ಕುಡಿಸುವ ತಟ್ಟೆ ಅದು. ತೋಟಕ್ಕೆ ಹಾಗಲ್ಲ, ಬೇರಲ್ಲಿ ನೀರು ನಿಂತರೆ ಅಡಿಕೆಗೆ ಆಗುವುದಿಲ್ಲ. ಮೊದಲು ಮಾಡುವ ಕೆಲಸವೇ ಬಸಿಗಾಲುವೆ ತೆಗೆದು ನೀರು ಓಡಿಸುವುದು. ಓಡಿಸಿದ ನೀರಿಗೆ ಬೇಸಿಗೆಯಲ್ಲಿ ಬೋರ್ ಕೊರೆಸುವುದು.

ಈಗ ಬರುತ್ತೀರಿ ನೀವು, ಲೆಕ್ಕದ ಪುಸ್ತಕ ಹಿಡಿದುಕೊಂಡು. ಗದ್ದೆಯಲ್ಲಿ ಏನಿದೆ? ನಟ್ಟಿಗೆ ಆಳಿಲ್ಲ, ಕೊಯ್ಲಿಗೆ ಮಿಷನ್ ಇಳಿಯುವುದಿಲ್ಲ, ಹಂದಿ ಒಂದು ಕಡೆ, ನವಿಲು ಇನ್ನೊಂದು ಕಡೆ, ಮಂಗ ಎಲ್ಲಾ ಕಡೆ. ಕ್ವಿಂಟಾಲ್ ಅಡಿಕೆಗೆ ಎಷ್ಟು, ಭತ್ತಕ್ಕೆ ಎಷ್ಟು? ಗೊತ್ತಪ್ಪ, ಗೊತ್ತು. ಲೆಕ್ಕ ನಿಮ್ಮದೇ ಸರಿ. ಗದ್ದೆ ಮಾಡಿ ಯಾರೂ ಕಾರು ತಗೊಂಡಿಲ್ಲ. ಆದರೆ ಅದೇ ಲೆಕ್ಕ ಮಾಡಿ ಚನ್ನಗಿರಿಯವರೂ ಅಡಿಕೆ ಹಾಕಿದರು, ಹೊಳಲ್ಕೆರೆಯವರೂ ಹಾಕಿದರು. ಇಲ್ಲಿ ಅಡಿಕೆಯ ಕೊಳೆರೋಗಕ್ಕೆ ಬೋರ್ಡೋ ಔಷಧಿ ಹೊಡೆದು ಮುಗಿಸುವಷ್ಟರಲ್ಲಿ ಎಲೆಚುಕ್ಕೆ ರೋಗ ಬಂದು ಕೂತಿದೆ. ಕೆಲವರ ತೋಟದ ಸೋಗೆ ನೋಡಿದರೆ ಬೆಂಕಿ ತಾಗಿಸಿದ ಹಾಗಿದೆ. ರೇಟು ಬಿದ್ದ ದಿನ ತಟ್ಟೆಯಲ್ಲಿ ಅಡಿಕೆ ಹೋಳು ಬಡಿಸಿಕೊಳ್ಳುತ್ತೀರಾ?

ಆ ಕಡೆಯವರು ನಮಗೆ ಅಂತ ಬೆಳೆಯುತ್ತಲೇ ಇರುತ್ತಾರೆ ಅಂತ ಯಾರು ಹೇಳಿದ್ದು? ನಿಮ್ಮ ಲೆಕ್ಕ ಅವರಿಗೂ ಬರುತ್ತದೆ. 2011ರ ಮುಂಗಾರಿನಲ್ಲಿ ಗೋದಾವರಿ ಮುಖಜ ಭೂಮಿಯ ಕೋನಸೀಮೆಯಲ್ಲಿ ರೈತರು ಬೆಳೆ ರಜೆ ಅಂತ ಸಾರಿ ಭತ್ತದ ಗದ್ದೆ ಬೀಳು ಬಿಟ್ಟರು. ಬೆಳೆದಷ್ಟೂ ನಷ್ಟ ಅಂತ. ನಾನು ಹೋದ ದಾರಿಯಲ್ಲೇ ಎಷ್ಟೋ ಗದ್ದೆ ಸಿಗಡಿ ಕೆರೆಯಾಗಿ, ಒಳಗೆ ಚಕ್ರ ತಿರುಗುತ್ತಾ ನೊರೆ ಎಬ್ಬಿಸುತ್ತಿತ್ತು. ಪಕ್ಕದ ಗದ್ದೆಗೆ ಉಪ್ಪು ಜಿನುಗುತ್ತದೆ ಅಂತ ಅಲ್ಲಿಯೂ ಬೇಲಿ ಜಗಳ. ಅವರ ನೆಲ ಸುಖದ ನೆಲವೂ ಅಲ್ಲ. 1977ರ ನವೆಂಬರ್ 19ರ ಚಂಡಮಾರುತಕ್ಕೆ ಸಮುದ್ರ ಊರೊಳಗೆ ನುಗ್ಗಿ ಆ ಕರಾವಳಿಯಲ್ಲಿ 10 ಸಾವಿರಕ್ಕೂ ಹೆಚ್ಚು ಜನ ಸತ್ತರು. ದಿವಿಸೀಮೆಯಲ್ಲೇ ಹೆಚ್ಚು. ನಮ್ಮಲ್ಲಿಯ ಹಾಗೆ ಗುಡ್ಡ ಹತ್ತಿ ಪಾರಾಗೋಣ ಅಂದರೆ ಗುಡ್ಡ ಎಲ್ಲಿದೆ? ಆಯಮ್ಮನಿಗೆ ಆಗ ಏಳೋ ಎಂಟೋ ವಯಸ್ಸಂತೆ. ಅದರ ಬಗ್ಗೆ ಜಾಸ್ತಿ ಹೇಳಲಿಲ್ಲ, ನಾನೂ ಕೇಳಲಿಲ್ಲ. ಉದ್ದಿನ ಗಿಡ ಕಿತ್ತು ಬೇರು ತೋರಿಸಿದರು.

ಅವರು ಅದೇ ನೆಲದಲ್ಲಿ ಇನ್ನೂ ಭತ್ತ ಬೆಳೆಯುತ್ತಿದ್ದಾರೆ. ನಾವು ಇಲ್ಲಿ, ಕುಡಿಯುವ ನೀರೇ ಗದ್ದೆಯಿಂದ ಬಂದ ಊರಲ್ಲಿ, ಎಲ್ಲಿಂದಾದ್ರೂ ಬರ್ತದೆ ಅನ್ನುತ್ತಿದ್ದೇವೆ.

ಇಷ್ಟೆಲ್ಲ ಬರೆದ ಮೇಲೆ ನಮ್ಮನೆಯವರು ಇದನ್ನು ಓದಿ ನಗುತ್ತಾರೆ, ಅದಕ್ಕೆ ಮೊದಲೇ ನಾನೇ ಹೇಳಿಬಿಡುತ್ತೇನೆ. ಮನೆ ಕೆಳಗಿನ ನಮ್ಮ ಎರಡು ಗದ್ದೆ 2014ರಲ್ಲಿ ತೋಟವಾಯಿತಲ್ಲ, ಅದು ಮಾಡಿಸಿದ್ದು ನಾನು. ಅವರು ಬೇಡ ಅಂದಿದ್ದರು. ಮಗಳ ಓದಿನ ಸಾಲ ತಲೆ ಮೇಲಿತ್ತು. ನಾನೇ ವಾರಗಟ್ಟಲೆ ಜಗಳ ಮಾಡಿದೆ. "ಅಕ್ಕಿ ಅಂಗಡೀಲಿ ಸಿಗಲ್ವಾ?" ಅಂತ ಕೇಳಿದ್ದೆ. ಹೂಂ, ನಾನೇ. ಜೆಸಿಬಿ ಬರುವ ಹಿಂದಿನ ಸಂಜೆ ಅವರು ಒಬ್ಬರೇ ಹೋಗಿ ಅಂಚಿನ ಮೇಲೆ ಆ ತುದಿಯಿಂದ ಈ ತುದಿಗೆ ನಡೆದು ಬಂದರು. ಬಂದು ಕಾಲು ತೊಳೆದರು. ಏನೂ ಮಾತಾಡಲಿಲ್ಲ. ಸಾಲ ತೀರಿದೆ, ಸುಳ್ಳು ಹೇಳುವುದಿಲ್ಲ. ಏಪ್ರಿಲ್ ಕೊನೆ ತನಕ ಸಿಗುತ್ತಿದ್ದ ಬಾವಿ ನೀರು ಈಗ ಮಾರ್ಚಿಗೆ ತಳ ಕಾಣುತ್ತದೆ. ಅದನ್ನೂ ಸುಳ್ಳು ಹೇಳುವುದಿಲ್ಲ.

ಹೋದ ವರ್ಷ ಭೂಮಿ ಹುಣ್ಣಿಮೆಗೆ ಭೂಮಣ್ಣಿ ಬುಟ್ಟಿಗೆ ಕೆಮ್ಮಣ್ಣು ಬಳಿದು ಚಿತ್ತಾರ ಬರೆದೆ. ಕಡುಬು, ಗದ್ದೆಗೆ ಬೀರುವ ಚರಗ ಎಲ್ಲ ಆಯಿತು. ಬಸುರಿ ಭೂಮ್ತಾಯಿಗೆ ಬಯಕೆ ಊಟ ಅಲ್ವಾ ಅದು, ತೆನೆ ಕಟ್ಟಿದ ಪೈರಿಗೆ. ನಮ್ಮಲ್ಲಿ ಪೈರೆಲ್ಲಿದೆ? ಈ ಹುಡುಗನ ಗದ್ದೆಗೇ ಹೋಗಿ ಪೂಜೆ ಮಾಡಿಕೊಂಡು ಬಂದೆವು. ಅವನೇ ಗೂಟ ನೆಟ್ಟು ಬಾಳೆಎಲೆ ಹಾಸಿ ಕೊಟ್ಟ. ಇನ್ನು ಅದಕ್ಕೂ ಜಾಗವಿಲ್ಲ. ಅಡಿಕೆ ಬುಡದಲ್ಲಿ ಮಾಡುತ್ತಾರಂತೆ ಕೆಲವರು. ಮಾಡಲಿ.

ಮಧ್ಯಾಹ್ನ ಅವನೇ ಬಂದ, ಒಂಥರಾ ಮುಖ ಮಾಡಿಕೊಂಡು. "ಅಕ್ಕ, ಮನೇಲಿ ಹೆಂಡತಿಗೆ ಹುಷಾರಿಲ್ಲ, ಟಿಪ್ಪರ್ ಹುಡುಗ್ರಿಗೆ ಊಟಕ್ಕೆ ಏನಾದ್ರೂ ಆಗ್ಬಹುದಾ?" ಬೆಳಿಗ್ಗೆಯಿಂದ ಶಾಪ ಹಾಕಿದ ಬಾಯಲ್ಲೇ "ಕರ್ಕೊಂಡು ಬಾ" ಅಂದೆ. ಮೂರು ಹುಡುಗರು. ಅನ್ನ, ಸೌತೆಕಾಯಿ ಹುಳಿ, ಹಪ್ಪಳ, ಮಜ್ಜಿಗೆ. ಒಬ್ಬ ಕೈ ತೊಳೆಯಲು ಒಳಗೆ ಬಂದವನು ಮೂಲೆಯ 25 ಕೆಜಿ ಅಕ್ಕಿ ಚೀಲ ನೋಡಿ ಅಲ್ಲೇ ನಿಂತ. ಚೀಲದ ಮೇಲಿನ ಊರ ಹೆಸರು ಓದಿ ಹಲ್ಲು ಬಿಟ್ಟ.

"ಅಮ್ಮಾರ, ಇದು ನಮ್ಮ ಸಿಂಧನೂರು ಕಡೀ ಅಕ್ಕಿರಿ."

ತುಂಗಭದ್ರಾ ಎಡದಂಡೆ ಕಾಲುವೆ ನೀರಿಗೆ ಬೆಳೆದದ್ದು. ತಳಿ ಬಿಪಿಟಿ. ಬಿಪಿಟಿ ಅಂದರೆ ಬಾಪಟ್ಲ, ಕೃಷ್ಣೆಯ ಮುಖಜ ಭೂಮಿಯಲ್ಲೇ ಇರುವ ಊರು, ಅಲ್ಲಿಯ ಭತ್ತದ ಸಂಶೋಧನಾ ಕೇಂದ್ರದಿಂದ 1986ರಲ್ಲಿ ಹೊರಬಂದ 5204. ಜನವರಿಯಲ್ಲಿ ಅಳಿಯ ಹೇಳಿದ್ದ. ಹುಡುಗನಿಗೆ ಇದನ್ನೆಲ್ಲ ಹೇಳಲು ಹೋಗಲಿಲ್ಲ, ಹಸಿದಿದ್ದ. ಅವನ ಅಪ್ಪನಿಗೆ ಅಲ್ಲಿ ನಾಲ್ಕೆಕರೆ ಗದ್ದೆ ಇದೆಯಂತೆ, ಕಾಲುವೆಯ ಕೊನೇ ತುದಿಯಲ್ಲಿ. ಎರಡನೇ ಬೆಳೆಗೆ ನೀರು ಬರುವುದಿಲ್ಲ, ಅದಕ್ಕೆ ಇಲ್ಲಿ ಬಂದು ಮಣ್ಣು ಹೊಡೆಯುತ್ತಿದ್ದಾನೆ.

ಎರಡು ಸಲ ಅನ್ನ ಹಾಕಿಸಿಕೊಂಡ. ಹುಳಿ ಸ್ವಲ್ಪ ಸಪ್ಪೆ ಅಂದ. ಈಗ ಹದಿನೆಂಟನೇ ಟಿಪ್ಪರ್ ಬರುತ್ತಿದೆ, ಅವನದೇ.