ಶಿವರಾತ್ರಿ ಕಳೆದ ಮೇಲೆ ಉಲ್ಲನ್

ಶಿವರಾತ್ರಿ ಬಂದರೆ ಚಳಿ ಶಿವಶಿವಾ ಅಂತ ಹೊರಟುಹೋಗುತ್ತೆ. ನಾನು ಉಲ್ಲನ್ ಕೈಗೆತ್ತಿಕೊಳ್ಳುವುದೇ ಆಮೇಲೆ. ಈ ಸಲ ಯುಗಾದಿ ಸಾಮಾನು ತರಲು ಕೋಲಾರದ ಪೇಟೆಗೆ ಹೋದಾಗ, ಅಂಗಡಿಯವರು ಉಲ್ಲನ್ ಎಲ್ಲಾ ಮೂಟೆ ಕಟ್ಟಿ ಅಟ್ಟಕ್ಕೆ ಹಾಕಿಬಿಟ್ಟಿದ್ದರು. "ಬಿಸಿಲು ಶುರುವಾಯ್ತಲ್ಲಮ್ಮ, ಈಗ ಯಾಕೆ?" ಅಂತ ಕೇಳುತ್ತಲೇ ಏಣಿ ಹಾಕಿ ಇಳಿಸಿಕೊಟ್ಟರು.

ಯಾಕೆ ಅಂದರೆ, ಹೆಣಿಗೆ ಚಳಿಗಾಲದ ಕೆಲಸವೇ ಅಲ್ಲ. ಹಾಕಿಕೊಳ್ಳುವುದು ಚಳಿಗಾಲದಲ್ಲಿ, ಹೆಣೆಯುವುದು ಈಗ. ಡಿಸೆಂಬರಿನಲ್ಲಿ ಶುರು ಮಾಡಿದ ಸ್ವೆಟರ್ ಮುಗಿಯುವಷ್ಟರಲ್ಲಿ ಚಳಿಯೇ ಇರುವುದಿಲ್ಲ. ಮನೆ ಕೆಲಸದ ಮಧ್ಯೆ ನನಗೆ ಸಿಗುವುದು ದಿನಕ್ಕೆ ಒಂದು ಗಂಟೆ, ಹೆಚ್ಚೆಂದರೆ ಒಂದೂವರೆ.

ಈಗ ಹೆಣೆಯುತ್ತಿರುವುದು ಅಪ್ಪನಿಗೆ. ಮಾಲೂರಿನ ಹತ್ತಿರ ಹಳ್ಳಿಯಲ್ಲಿದ್ದಾರೆ. ಬೆಳಗ್ಗೆ ಐದೂವರೆಗೆ ಹಾಲು ಕರೆದು ಡೇರಿಗೆ ಹಾಕಬೇಕು. ಪುಷ್ಯಮಾಸದ ಮಂಜಿನಲ್ಲೂ ತಪ್ಪಿಸುವ ಹಾಗಿಲ್ಲ. ತೋಳಿದ್ದರೆ ಕೆಚ್ಚಲು ತೊಳೆಯುವಾಗ ನೆನೆಯುತ್ತೆ ಅಂತ ತೋಳಿಲ್ಲದ್ದೇ ಬೇಕು ಅಂದರು. ಕಂದು ಬಣ್ಣ, ಎಂಟನೇ ನಂಬರ್ ಕಡ್ಡಿ. ಕಡ್ಡಿಯ ಈ ನಂಬರಿನಲ್ಲಿ ಹೊಸಬರು ಗಲಿಬಿಲಿ ಆಗುತ್ತಾರೆ. ನಂಬರ್ ದೊಡ್ಡದಾದಷ್ಟೂ ಕಡ್ಡಿ ಸಣ್ಣ. ಎಂಟು ಅಂದರೆ 4 ಮಿ.ಮೀ., ಹತ್ತು ಅಂದರೆ 3.25.

ಹೋದ ಸಲ ಒಂದು ತಪ್ಪು ಮಾಡಿದ್ದೆ. ಮೊದಲು ಅಂಗೈಯಗಲದ ಚೂರು ಹೆಣೆದು, ಒಗೆದು, ಒಣಗಿಸಿ, ಅಳತೆ ನೋಡಬೇಕು. ಆತುರಕ್ಕೆ ಬಿಟ್ಟುಬಿಟ್ಟೆ. 10 ಸೆಂ.ಮೀ.ಗೆ 22 ಕುಣಿಕೆ ಅಂತ ಲೆಕ್ಕ ಹಾಕಿ 110 ಕುಣಿಕೆ ಎತ್ತಿಕೊಂಡಿದ್ದೆ. ನನ್ನ ಕೈ ಸಡಿಲ, ಬಂದಿದ್ದು 20. ಎರಡೇ ಕುಣಿಕೆಯ ವ್ಯತ್ಯಾಸ, ಆದರೆ ಹಿಂದಿನ ಭಾಗ 50 ಸೆಂ.ಮೀ. ಬದಲು 55 ಆಯಿತು, ಮುಂದಿನದೂ ಅಷ್ಟೇ. ಸುತ್ತಳತೆಯಲ್ಲಿ 10 ಸೆಂ.ಮೀ. ಜಾಸ್ತಿ. ಎರಡನ್ನೂ ಬಿಚ್ಚುವಾಗ ಅಳು ಬಂತು.

ಬೆಳಗ್ಗೆ ತಿಂಡಿ ಆದಮೇಲೆ ಜಗಲಿಯಲ್ಲಿ ಕೂರುತ್ತೇನೆ. ಎದುರಿನ ಹೊಂಗೆ ಮರ ಹೊಸ ಎಲೆ ಬಿಟ್ಟಿದೆ, ಎಣ್ಣೆ ಹಚ್ಚಿದ ಹಾಗೆ ಹೊಳೆಯುತ್ತೆ. ಇನ್ನು ಸ್ವಲ್ಪ ದಿನಕ್ಕೆ ಅದರ ಹೂವು ಪುರಿ ಚೆಲ್ಲಿದ ಹಾಗೆ ಜಗಲಿ ತುಂಬಾ ಬೀಳುತ್ತೆ. ಶ್ರೀನಿವಾಸಪುರದ ಕಡೆ ತೋಪುಗಳಲ್ಲಿ ಮಾವು ಮಿಡಿ ಕಚ್ಚಿರುವ ಕಾಲ. ಹನ್ನೊಂದಾಯಿತು ಅಂದರೆ ಬೆರಳು ಬೆವರುತ್ತೆ, ದಾರ ಕಡ್ಡಿಯ ಮೇಲೆ ಜಾರುವುದಿಲ್ಲ. ಅಲ್ಲಿಗೆ ಎತ್ತಿಟ್ಟು, ಮತ್ತೆ ಸಾಯಂಕಾಲ ಐದಕ್ಕೆ. ಚೈತ್ರದ ಈ ಬೆಳಕು ಎಷ್ಟು ಚೆನ್ನ ಅಂದರೆ, ಕಂದು ಬಣ್ಣದಲ್ಲೂ ಒಂದೊಂದು ಕುಣಿಕೆ ಕಣ್ಣಿಗೆ ಕಾಣುತ್ತೆ. ಡಿಸೆಂಬರಿನ ಸಂಜೆ ದೀಪದ ಕೆಳಗೆ ಇದು ಆಗುವ ಮಾತಲ್ಲ.

ಜೊತೆಗೆ ಓದು. ಹೆಣೆಯುತ್ತಾ ಓದುವುದು ಹೇಗೆ ಅಂತ ತುಂಬಾ ಜನ ಕೇಳುತ್ತಾರೆ. ಮಾವನವರು ಪಾರಾಯಣಕ್ಕೆ ಇಟ್ಟುಕೊಂಡಿದ್ದ ಮರದ ವ್ಯಾಸಪೀಠ ಮನೆಯಲ್ಲಿದೆ. ಅದರ ಮೇಲೆ ಪುಸ್ತಕ ತೆರೆದಿಟ್ಟು, ಎರಡು ಕಡೆಗೂ ಬಟ್ಟೆ ಒಣಹಾಕುವ ಕ್ಲಿಪ್ ಹಾಕುತ್ತೇನೆ. ಗಾಳಿಗೆ ಹಾಳೆ ಹಾರುವುದಿಲ್ಲ. ಸೀದಾ ಒಂದು ಸಾಲು, ಉಲ್ಟಾ ಒಂದು ಸಾಲು, ಇಷ್ಟೇ ಇರುವ ಕಡೆ ಕೈ ತಾನೇ ನಡೆಯುತ್ತೆ. ಕತ್ತು, ಕಂಕುಳಿನ ಹತ್ತಿರ ಕುಣಿಕೆ ಕಡಿಮೆ ಮಾಡುವಾಗ ಮಾತ್ರ ಪುಸ್ತಕ ಮುಚ್ಚಲೇಬೇಕು. ಟಿವಿ ನೋಡುತ್ತಾ ನನಗೆ ಆಗುವುದಿಲ್ಲ. ಅದು ನಮ್ಮನ್ನು ಕಾಯುವುದಿಲ್ಲ, ಪುಸ್ತಕ ಕಾಯುತ್ತೆ.

ಅತ್ತೆಗೆ ಈಗ ಅಕ್ಷರ ಮಂಜು ಮಂಜು. ಹಾಗಾಗಿ ನಾನು ಜೋರಾಗಿ ಓದುತ್ತೇನೆ. ಅವರು ಉಲ್ಲನ್ ಲಡಿಯನ್ನು ಮೊಣಕಾಲಿಗೆ ಹಾಕಿಕೊಂಡು ಉಂಡೆ ಸುತ್ತುತ್ತಾರೆ. ಈ ವಸಂತಕ್ಕೆ ಮಾಸ್ತಿಯವರ ಸಣ್ಣ ಕತೆಗಳು. 'ಶ್ರೀನಿವಾಸ' ಅನ್ನುವ ಹೆಸರಿನಲ್ಲಿ ಬರೆಯುತ್ತಿದ್ದರು, 1983ರ ಜ್ಞಾನಪೀಠ ಅವರಿಗೆ ಬಂತು. ಅತ್ತೆಗೆ ಅದೆಲ್ಲ ಮುಖ್ಯವಲ್ಲ. "ನಮ್ಮ ಮಾಲೂರು ಕಡೆಯೋರು ಕಣಮ್ಮ" ಅನ್ನುವುದೇ ದೊಡ್ಡದು. ಅವರ ಕತೆ ಜೋರಾಗಿ ಓದಲೆಂದೇ ಬರೆದ ಹಾಗಿದೆ. ಯಾರೋ ಹಿರಿಯರು ಜಗಲಿಗೆ ಬಂದು ಕೂತು, ನೀರು ಕುಡಿದು, ನಿಧಾನಕ್ಕೆ ಹೇಳಿದಂತೆ. ಕೂಗಾಟ ಇಲ್ಲ. ಕೆಟ್ಟವರ ಬಗ್ಗೆಯೂ ಒಂದು ಮೆದು ಮಾತು. ಕೈಕೆಲಸಕ್ಕೆ ಇಂಥ ಬರಹವೇ ಹೊಂದುತ್ತೆ ಅನ್ನುವುದು ನನ್ನ ಗಟ್ಟಿ ಅಭಿಪ್ರಾಯ.

ಮೊನ್ನೆ ಕತೆಯ ಕೊನೆಯಲ್ಲಿ ಇಬ್ಬರಿಗೂ ಗಂಟಲು ಕಟ್ಟಿತು. ಒಂದು ಕುಣಿಕೆ ಜಾರಿ ಒಂಬತ್ತು ಸಾಲು ಕೆಳಗೆ ಇಳಿದಿದ್ದು ಆಮೇಲೆ ಗೊತ್ತಾಯಿತು. ಬಿಚ್ಚಲಿಲ್ಲ. ಕ್ರೋಶಾ ಕಡ್ಡಿಯಲ್ಲಿ ಒಂದೊಂದೇ ಎಳೆಯನ್ನು ಮೇಲಕ್ಕೆ ಎತ್ತಿಕೊಂಡು ಬಂದೆ, ಏಣಿ ಹತ್ತಿಸಿದ ಹಾಗೆ. ಅತ್ತೆ ಕೈಯಲ್ಲಿ ಸವರಿ ನೋಡಿದರು. ಜಾರಿದ್ದ ಜಾಗ ಅವರಿಗೆ ಸಿಗಲಿಲ್ಲ. "ಸರಿ, ಮುಂದಿನ ಕತೆ ಓದು" ಅಂದರು.